ದೇವರಮನೆಯ ಗುಡ್ಡದ ಮೇಲೊಂದು ಭೌತಶಾಸ್ತ್ರದ ತರಗತಿ

ಚಾರ್ಮಾಡಿ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆಲ್ಲ ಒಂದು ಅನುಭವವಾಗಿರದೆ ಇರದು. ಕೊಟ್ಟಿಗೆಹಾರವನ್ನು ಬಿಟ್ಟು ತಿರುವುಗಳ ಮೇಲೆ ತಿರುವುಗಳನ್ನು ದಾಟಿ ಕೆಳಗಿಳಿಯುತ್ತಿರುವಾಗ ಕಿವಿ ಮುಚ್ಚಿಕೊಂಡಂತಾಗುತ್ತದೆ. ಪಕ್ಕದಲ್ಲಿ ಕುಳಿತವರ ಮಾತು ದೂರದಿಂದ ಬಂದಂತೆ ಕೇಳುತ್ತದೆ. ಎಂಜಲು ನುಂಗಿದೊಡನೆ ‘ಟಕ್’ ಎಂದು ಕಿವಿ ತೆರೆದುಕೊಳ್ಳುತ್ತದೆ. ಬೆಟ್ಟದ ಮೇಲಣ ಗಾಳಿಯ ಒತ್ತಡಕ್ಕೂ ಬುಡದ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಕಿವಿಯ ತಮಟೆ ನಮಗೆ ತಿಳಿಸುವ ರೀತಿಯಿದು. ನಮ್ಮ ಮಲೆನಾಡಿನ ಹುಡುಗರು ಪ್ರತಿಯೊಬ್ಬರೂ ಈ ‘ಟಕ್’ ಎಂಬ ಸದ್ದನ್ನು ಬಲ್ಲರು. ಆದರೆ ಪಠ್ಯಪುಸ್ತಕದಲ್ಲಿ ವಾಯುಭಾರದ ಅಧ್ಯಾಯವನ್ನು ಓದುವಾಗ ಈ ಕಿವಿಯ ನೆನಪು ಅವರಲ್ಲಿ ಎಷ್ಟು ಜನಕ್ಕೆ ಬರುತ್ತದೆ? ನನ್ನ ಅನುಭವದಲ್ಲಿ ಬಹುಮಟ್ಟಿಗೆ ಯಾರಿಗೂ ಬರುವುದಿಲ್ಲ. ಪುಸ್ತಕ ಒಂದು ಕಡೆ, ಘಾಟಿ ಇನ್ನೊಂದು ಕಡೆ. ಇವೆರಡನ್ನೂ ಒಂದೆಡೆಗೆ ತರುವ ಪ್ರಯತ್ನವೊಂದನ್ನು ಕುರಿತು, ಅದರಲ್ಲಿ ನಾನು ಮಾಡಿದ ತಪ್ಪನ್ನೂ ಮರೆಮಾಚದೆ, ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಒಂದು ಹಳೆಯ ತಪ್ಪಿನಿಂದಲೇ ಆರಂಭಿಸುವುದು ಮೇಲು. 2020ರಲ್ಲಿ ಕೋವಿಡ್ ರೋಗದ ಕಾರಣ ಶಾಲೆ ಕಾಲೇಜುಗಳೆಲ್ಲ ಮುಚ್ಚಿದುವಷ್ಟೆ. ಪಾಠಗಳನ್ನು ಮೊಬೈಲಿನ ಮೂಲಕ ಕಳುಹಿಸಬೇಕೆಂದು ಎಲ್ಲೆಡೆಯೂ ಏರ್ಪಾಡಾಯಿತು. ನಾನೂ ಮನೆಯ ಗೋಡೆಗೆ ಕರಿಹಲಗೆಯೊಂದನ್ನು ತೂಗುಹಾಕಿ, ನಲವತ್ತೈದು ನಿಮಿಷಗಳ ಪಾಠವನ್ನು ಚಿತ್ರೀಕರಿಸಿ ಕಳುಹಿಸತೊಡಗಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ತೃಪ್ತಿಯೂ ನನಗಿದ್ದಿತು. ಭೌತಶಾಸ್ತ್ರವನ್ನು ಕಲಿಸುವವನಾದ ನಾನು ಒಂದು ಸರಳ ಭಾಗಾಕಾರವನ್ನು ಮಾತ್ರ ಮಾಡಿ ನೋಡಿರಲಿಲ್ಲ. ಅಂಥ ಪಾಠವೊಂದರ ಗಾತ್ರ ಸುಮಾರು 250 ಮೆಗಾಬೈಟು, ಎಂದರೆ 2,000 ಮೆಗಾಬಿಟ್ಟು. ನಮ್ಮ ತೋಟಗಳ ಮಧ್ಯದ ಹಳ್ಳಿಗಳಲ್ಲಿ ಸಿಗುವ ಸಂಕೇತ ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಹತ್ತನೆಯ ಒಂದು ಭಾಗವನ್ನು ಸಾಗಿಸಿದರೆ ಅದೇ ಪುಣ್ಯ. ಆ ಲೆಕ್ಕದಲ್ಲಿ ಒಂದು ಪಾಠ ಇಳಿದು ಬರಲು 20,000 ಸೆಕೆಂಡು, ಅಂದರೆ ಐದೂವರೆ ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ! ದಿನಕ್ಕೆ ನಾಲ್ಕು ವಿಷಯಗಳ ನಾಲ್ಕು ಪಾಠ ಬಂದರೆ ದಿನದ ಇಪ್ಪತ್ತನಾಲ್ಕು ಗಂಟೆಗಳು ಸಾಲಬೇಕೆ?

ಆ ದಿನಗಳಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಗಳಲ್ಲಿ, ರಸ್ತೆಯ ತಿರುವುಗಳಲ್ಲಿ ಕೊಡೆ ಹಿಡಿದು ಕುಳಿತು ಸಂಕೇತಕ್ಕಾಗಿ ಕಾಯುತ್ತಿದ್ದುದನ್ನು ಕಂಡವರು ಅನೇಕರಿದ್ದಾರೆ. ಸರ್ಕಾರವು 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯನ್ನು ತಂದು, ಶಾಲೆಯ ಉಪಾಧ್ಯಾಯರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಮರದ ನೆರಳು, ಗುಡಿಯ ಜಗಲಿ ತರಗತಿಗಳಾದುವು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು.

ನನ್ನ ತರಗತಿಯಲ್ಲಿ ಆಗ ಪ್ರಥಮ ಪಿ.ಯು.ಸಿ.ಗೆ ಸೇರಿದ್ದ ಒಬ್ಬ ವಿದ್ಯಾರ್ಥಿನಿಯಿದ್ದಳು. ತಂದೆತಾಯಿಗಳಿಬ್ಬರೂ ಕಾಫಿತೋಟದ ಕೂಲಿಗಳು. ವಾಸ ತೋಟದ ಲೈನ್ ಮನೆಯಲ್ಲಿ. ಮನೆಗೆ ಇದ್ದುದು ಒಂದೇ ಮೊಬೈಲು, ಅದು ಬೆಳಗ್ಗೆ ತಂದೆಯ ಜೇಬಿನಲ್ಲಿ ಹೊರಟರೆ ಸಂಜೆಗೆ ಹಿಂತಿರುಗುವುದು. ನಾನು ಕಳುಹಿಸಿದ ಪಾಠಗಳಲ್ಲಿ ಎಷ್ಟನ್ನು ನೋಡಿದೆಯಮ್ಮಾ ಎಂದು ಮುಂದೆ ಕಾಲೇಜು ತೆರೆದಾಗ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೆಯದರಲ್ಲಿ ಅರ್ಧ ನೋಡಿದೆ, ಸರ್” ಎಂದಳು. ದ್ವಿತೀಯ ವರ್ಷದ ಹೊತ್ತಿಗೆ ಅವಳು ಭೌತಶಾಸ್ತ್ರದಲ್ಲಿ ತೀರ ಹಿಂದೆ ಬಿದ್ದಿದ್ದಳು. ಪರೀಕ್ಷೆಗೆ ಕೂರದೆ ತಾಯಿಯೊಡನೆ ಹಣ್ಣು ಕೊಯ್ಯಲು ಹೋಗುತ್ತೇನೆಂದು ಗೆಳತಿಯರೊಡನೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತು.

ದೂರದಿಂದ ಪಾಠವನ್ನು ಸಾಗಿಸುವ ಆಸೆ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಭಾರತವು ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲಾಗಿ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಶಿಕ್ಷಣವನ್ನು ಬಿತ್ತರಿಸಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದುವು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಬಳಿಕ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದುವು. ಇವೆಲ್ಲ ದೊಡ್ಡ ಸಾಹಸಗಳೇ. ಆದರೆ ಇವುಗಳಲ್ಲೆಲ್ಲ ಪಾಠವು ನಲ್ಲಿಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವ ವಸ್ತುವಾಗಿದ್ದಿತು: ಮೇಲಿನಿಂದ ಬರತಕ್ಕದ್ದು, ಕೆಳಗಿರುವವನು ತುಂಬಿಕೊಳ್ಳತಕ್ಕದ್ದು. ನಾನು ಗೋಡೆಗೆ ಕರಿಹಲಗೆ ತೂಗುಹಾಕಿ ಮಾಡಿದ್ದೂ ಅದನ್ನೇ. ನನ್ನ ನಲ್ಲಿ ಮಾತ್ರ ಬಹಳ ಸಣ್ಣದಾಗಿತ್ತು.

ಹೀಗೆ ತುಂಬಿಸಿದರೆ ಕಲಿಕೆಯಾಗುವುದೇ ಎಂಬ ಪ್ರಶ್ನೆಯನ್ನು ಭೌತವಿಜ್ಞಾನಿಗಳು ತಮ್ಮ ಶಾಸ್ತ್ರದ ರೀತಿಯಲ್ಲಿಯೇ, ಎಂದರೆ ಅಳೆದು, ಪರೀಕ್ಷಿಸಿದ್ದಾರೆ. ಅಮೆರಿಕದ ರಿಚರ್ಡ್ ಹೇಕ್ ಎಂಬುವರು ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಪರೀಕ್ಷಾಫಲಿತಾಂಶಗಳನ್ನು ಕಲೆಹಾಕಿ 1998ರಲ್ಲಿ ಪ್ರಕಟಿಸಿದರು. ಪಾಠಕ್ಕೆ ಮೊದಲು ತಿಳಿಯದಿದ್ದುದರಲ್ಲಿ ಎಷ್ಟು ಪಾಲು ಪಾಠದ ತರುವಾಯ ತಿಳಿಯಿತು ಎಂಬುದು ಅವರ ಅಳತೆ. ಉಪನ್ಯಾಸವನ್ನು ಕೇಳುತ್ತ ಕುಳಿತ ತರಗತಿಗಳಲ್ಲಿ ಈ ಪಾಲು ಸರಾಸರಿ ನೂರಕ್ಕೆ 23. ವಿದ್ಯಾರ್ಥಿಗಳು ತಾವೇ ಚರ್ಚಿಸಿ, ಕೈಯಿಂದ ಮಾಡಿ ಕಲಿತ ತರಗತಿಗಳಲ್ಲಿ ನೂರಕ್ಕೆ 48. ಇನ್ನೂ ಸೋಜಿಗದ ಸಂಗತಿಯೊಂದನ್ನು ಹಾರ್ವರ್ಡಿನ ಕ್ಯಾಥರಿನ್ ಕ್ರೌಚ್, ಎರಿಕ್ ಮಜೂರ್ ಮೊದಲಾದವರು 2004ರಲ್ಲಿ ವರದಿ ಮಾಡಿದರು. ಮೇಷ್ಟ್ರು ಮಾಡಿ ತೋರಿಸುವ ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು, ಅದನ್ನು ನೋಡಿಯೇ ಇರದವರಿಗಿಂತ ಹೆಚ್ಚೇನೂ ಅರಿತಿರಲಿಲ್ಲ! ಆದರೆ ಪ್ರಯೋಗಕ್ಕೆ ಮುನ್ನ ‘ಏನಾಗಬಹುದು?’ ಎಂದು ಊಹಿಸಿ ಹೇಳಲು ಒಂದೆರಡು ನಿಮಿಷ ಅವಕಾಶ ಪಡೆದವರು ಗಮನಾರ್ಹವಾಗಿ ಹೆಚ್ಚು ಕಲಿತಿದ್ದರು. ಊಹೆ ತಪ್ಪಾಗಿದ್ದರೂ ಚಿಂತೆಯಿಲ್ಲ. ಊಹಿಸಿದ ಮನಸ್ಸು ಉತ್ತರಕ್ಕಾಗಿ ಬಾಯಿ ತೆರೆದು ಕುಳಿತಿರುತ್ತದೆ.

ಕಂಪ್ಯೂಟರು ಇಲ್ಲಿ ನಮ್ಮ ನೆರವಿಗೆ ಬರಬಲ್ಲುದು. ಆದರೆ ಉಪನ್ಯಾಸವನ್ನು ಹೊತ್ತು ತರುವ ಅಂಚೆಯವನಾಗಿ ಅಲ್ಲ. ನೊಬೆಲ್ ಪಾರಿತೋಷಿಕ ಪಡೆದ ಕಾರ್ಲ್ ವೀಮನ್ನರು 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಆರಂಭಿಸಿದರು. ವಿದ್ಯುನ್ಮಂಡಲ, ಲೋಲಕ, ಅನಿಲದ ಅಣುಗಳು, ಇವನ್ನೆಲ್ಲ ಪರದೆಯ ಮೇಲೆ ಕೈಯಾರೆ ಹೊಂದಿಸಿ, ಬದಲಾಯಿಸಿ ನೋಡಬಹುದಾದ ಅಣಕು ಪ್ರಯೋಗಗಳಿವು. ಉಚಿತವಾಗಿ ದೊರೆಯುತ್ತವೆ, ಹಲವು ಕನ್ನಡದಲ್ಲಿಯೂ ಇವೆ, ಒಮ್ಮೆ ಇಳಿಸಿಕೊಂಡರೆ ಮತ್ತೆ ಸಂಕೇತದ ಹಂಗಿಲ್ಲ. ನಿಜವಾದ ತಂತಿ, ಬಲ್ಬುಗಳ ಬದಲಿಗೆ ಫೆಟ್‌ನ ಮಂಡಲಗಳಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು, ನಿಜವಾದ ಮಂಡಲವನ್ನು ಕಟ್ಟುವುದರಲ್ಲಿಯೂ ಉಳಿದವರಿಗಿಂತ ಮುಂದಿದ್ದರೆಂದು 2005ರ ಒಂದು ಅಧ್ಯಯನ ತೋರಿಸಿತು. ತಂತಿಯೊಳಗಣ ಎಲೆಕ್ಟ್ರಾನುಗಳ ಓಟ ಪರದೆಯ ಮೇಲೆ ಕಾಣುತ್ತದೆ, ಮೇಜಿನ ಮೇಲೆ ಕಾಣದು; ಅದೇ ಕಾರಣವಿರಬೇಕು.

ಆದರೂ ನನ್ನ ಮನಸ್ಸು ಇನ್ನೊಂದು ಬಗೆಯ ಸಾಧನದ ಕಡೆಗೆ ಹೆಚ್ಚಾಗಿ ಒಲಿದಿದೆ. ಮೊಬೈಲು ಮಾತನಾಡುವ ಯಂತ್ರವಷ್ಟೇ ಅಲ್ಲ, ಅದೊಂದು ಅಳೆಯುವ ಯಂತ್ರ. ಪರದೆಯನ್ನು ಅಡ್ಡಲಾಗಿ ಹಿಡಿದಾಗ ಚಿತ್ರವೂ ಅಡ್ಡವಾಗುವುದನ್ನು ನೀವು ನೋಡಿದ್ದೀರಿ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದು ಅದಕ್ಕೆ ತಿಳಿಯುವುದಾದರೂ ಹೇಗೆ? ಅದರ ಹೊಟ್ಟೆಯಲ್ಲಿ ಸಿಲಿಕಾನಿನ ಅತಿ ಸೂಕ್ಷ್ಮವಾದ ಬಾಚಣಿಗೆಯಂಥ ರಚನೆಯೊಂದಿದೆ. ಬಾಚಣಿಗೆಯ ಹಲ್ಲುಗಳು ಅಲುಗಾಡಬಲ್ಲ ಒಂದು ಪುಟ್ಟ ತುಣುಕಿಗೆ ಅಂಟಿಕೊಂಡಿವೆ. ಮೊಬೈಲು ವೇಗವನ್ನು ಬದಲಿಸಿದಾಗ ಆ ತುಣುಕು ಬಸ್ಸಿನಲ್ಲಿ ನಿಂತ ಪ್ರಯಾಣಿಕನಂತೆ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ಹಲ್ಲುಗಳ ನಡುವಣ ಅಂತರ ಬದಲಾಗಿ, ವಿದ್ಯುತ್ತನ್ನು ಹಿಡಿದಿಡುವ ಅವುಗಳ ಸಾಮರ್ಥ್ಯವೂ ಬದಲಾಗುತ್ತದೆ. ಅದನ್ನಳೆದು ವೇಗೋತ್ಕರ್ಷವನ್ನು ಲೆಕ್ಕ ಹಾಕುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಕಲ್ಪನೆಯಿಂದ ಮೂಡಿ, 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಸಿಂಪ್ಯೂಟರಿನಲ್ಲಿ ಈ ಸಂವೇದಕವಿದ್ದಿತೆಂಬುದನ್ನು ನಮ್ಮ ಹುಡುಗರು ಅರಿಯರು. ಕೈಯನ್ನು ತುಸು ಕುಲುಕಿದರೆ ಪುಟ ತಿರುಗುತ್ತಿದ್ದ ಆ ಕೈಗಣಕ ಹುಟ್ಟಿದ್ದು ಐಫೋನಿಗಿಂತ ಮೂರು ವರ್ಷ ಮೊದಲು. ಅದು ಜನರ ಕೈಗೆ ಹೆಚ್ಚಾಗಿ ತಲಪಲಿಲ್ಲವೆಂಬುದು ಬೇರೆಯ ಕಥೆ.

ಕೆಲವು ಮೊಬೈಲುಗಳಲ್ಲಿ ವಾಯುಭಾರ ಮಾಪಕವೂ ಇರುತ್ತದೆ. ಗಾಳಿಯನ್ನು ತೆಗೆದು ಮುಚ್ಚಿದ ಒಂದು ಪುಟಾಣಿ ಗುಳಿ. ಅದರ ಮೇಲೆ ಸಿಲಿಕಾನಿನ ತೆಳುಪೊರೆ. ಹೊರಗಣ ಗಾಳಿ ಒತ್ತಿದಷ್ಟೂ ಪೊರೆ ಒಳಕ್ಕೆ ಬಾಗುತ್ತದೆ. ಬಾಗಿದಷ್ಟೂ ಅದರ ವಿದ್ಯುದ್ರೋಧ ಬದಲಾಗುತ್ತದೆ. ನಮ್ಮ ಕಿವಿಯ ತಮಟೆಯೇ ಸಾಸಿವೆಗಿಂತ ಚಿಕ್ಕದಾಗಿ ಯಂತ್ರದೊಳಗೆ ಕುಳಿತಂತೆ. ಇದು ಹೆಕ್ಟೊಪ್ಯಾಸ್ಕಲಿನ ನೂರನೆಯ ಒಂದು ಭಾಗದಷ್ಟು ಬದಲಾವಣೆಯನ್ನೂ ಗುರುತಿಸಬಲ್ಲುದು. ಸಮುದ್ರಮಟ್ಟದಲ್ಲಿ ವಾಯುಭಾರ 1,013 ಹೆಕ್ಟೊಪ್ಯಾಸ್ಕಲ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ಎಷ್ಟೆಂಬುದು ಗೊತ್ತಾಗುತ್ತದೆ. ಮೊಬೈಲನ್ನು ನೆಲದಿಂದೆತ್ತಿ ತಲೆಯ ಮೇಲೆ ಹಿಡಿದರೂ ಅಂಕಿ ಬದಲಾಗುತ್ತದೆ! ಇಂಥ ಸಂವೇದಕಗಳ ಅಂಕಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದೇ ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ ‘ಫೈಫಾಕ್ಸ್’ ಎಂಬ ತಂತ್ರಾಂಶವನ್ನು ಹೊರತಂದರು. ಅದಕ್ಕೆ ಹಣ ಬೇಡ, ಅಳೆಯುವಾಗ ಸಂಕೇತವೂ ಬೇಡ.

ಈ ಸಂಕೇತ ಬೇಡವೆಂಬ ಒಂದು ಮಾತೇ ನನಗೆ ಸಾಕಾಯಿತು. ಎರಡು ವರ್ಷ ಹಿಂದೆ ಮಕ್ಕಳು ಸಂಕೇತವನ್ನರಸಿ ಗುಡ್ಡ ಹತ್ತಿದ್ದರಲ್ಲವೆ? ಈ ಸಲ ಮೊಬೈಲುಗಳನ್ನೆಲ್ಲ ಫ್ಲೈಟ್ ಮೋಡಿಗೆ ಹಾಕಿಸಿ ಗುಡ್ಡ ಹತ್ತಿಸೋಣವೆಂದುಕೊಂಡೆ. 2022ರ ಫೆಬ್ರವರಿಯ ಒಂದು ಶುಭ್ರವಾದ ದಿನ, ದ್ವಿತೀಯ ಪಿ.ಯು.ಸಿ.ಯ ಮಕ್ಕಳೊಡನೆ ದೇವರಮನೆಗೆ ಹೊರಟೆವು.

ಮೂಡಿಗೆರೆಯಿಂದ ದೇವರಮನೆಗೆ ಹೋಗುವ ದಾರಿ ಕಾಫಿತೋಟಗಳ ನೆರಳಿನಲ್ಲಿ ಬಹುದೂರ ಸಾಗಿ ಕೊನೆಗೆ ಬಯಲಿಗೆ ಬರುತ್ತದೆ. ಅಲ್ಲಿ ಕಾಲಭೈರವೇಶ್ವರನ ಗುಡಿ, ಗುಡಿಯ ಬಳಿ ಕೊಳ, ಸುತ್ತಲೂ ಹುಲ್ಲು ಹೊದ್ದ ಗುಡ್ಡಗಳು, ಅವುಗಳ ಮಡಿಕೆಗಳಲ್ಲಿ ಕಪ್ಪಗೆ ಕಾಣುವ ಶೋಲಾ ಕಾಡು. ಗಾಳಿಯೋ, ಮೈಯನ್ನು ನೂಕುವಷ್ಟು ಬಿರುಸು. ತೋಟಗಳ ಕಣಗಳಲ್ಲಿ ಆಗ ಕಾಫಿ ಒಣಗುತ್ತಿದ್ದ ಕಾಲ.

ಗುಡಿಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ, ವಾಯುಭಾರ ಮಾಪಕ ಯಾರ ಮೊಬೈಲಿನಲ್ಲಿದೆ ಎಂದು ಹುಡುಕಿದೆವು. ಅಗ್ಗದ ಮೊಬೈಲುಗಳಲ್ಲಿ ಅದಿರುವುದಿಲ್ಲ. ಇಡೀ ತರಗತಿಯಲ್ಲಿ ಇದ್ದುವು ಎರಡು, ನನ್ನದೂ ಸೇರಿ ಮೂರು. ಡಿಜಿಟಲ್ ಸಾಧನಗಳಿಂದ ಎಲ್ಲರಿಗೂ ಸಮನಾದ ಶಿಕ್ಷಣ ದೊರೆಯುತ್ತದೆಂದು ಭಾಷಣ ಮಾಡುವವರು ಒಮ್ಮೆ ಹೀಗೆ ಎಣಿಸಿ ನೋಡಬೇಕು.

ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ‘ಗುಡ್ಡದ ನೆತ್ತಿಯಲ್ಲಿ ವಾಯುಭಾರ ಇಲ್ಲಿಗಿಂತ ಹೆಚ್ಚೋ, ಕಡಿಮೆಯೋ, ಸಮವೋ? ಏಕೆ?’ ಎಂದು ಬರೆಯಲು ಹೇಳಿದೆ. ಉತ್ತರಗಳನ್ನು ಓದಿ ನಾನು ಬೆರಗಾದೆ. ಅರ್ಧಕ್ಕಿಂತ ಹೆಚ್ಚು ಜನ ‘ಹೆಚ್ಚು’ ಎಂದು ಬರೆದಿದ್ದರು. ಕಾರಣ, ‘ಮೇಲೆ ಗಾಳಿ ಜೋರಾಗಿ ಬೀಸುತ್ತದೆ’! ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗುತ್ತದೆಂಬ ವಾಕ್ಯವನ್ನು ಇವರೇ ಹಿಂದಿನ ತಿಂಗಳು ಕಿರುಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದರು. ಆ ವಾಕ್ಯ ಪುಸ್ತಕದ ಗಾಳಿಗೆ ಸೇರಿದ್ದು, ದೇವರಮನೆಯ ಗಾಳಿಗೆ ಸೇರಿದ್ದಲ್ಲ. ಗಾಳಿ ಬೀಸುವುದು ಬೇರೆ, ಗಾಳಿ ಭಾರವಾಗಿರುವುದು ಬೇರೆ ಎಂಬ ಭೇದವನ್ನು ನಾನು ಎಂದೂ ಬಿಡಿಸಿ ಹೇಳಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ಹೊರಡುವ ಮುನ್ನ ಇನ್ನೊಂದು ಸಣ್ಣ ತೊಡಕು ಎದುರಾಯಿತು. ಮೇಲೆ ಹೇಳಿದ ವಿದ್ಯಾರ್ಥಿನಿಗೆ ಹಿಂದಿನ ದಿನ ತೋಟದಲ್ಲಿ ಕಾಲು ಉಳುಕಿತ್ತು. ತಾಯಿಯ ಜೊತೆಗೆ ಕೊಯ್ಲಿಗೆ ಹೋಗಿದ್ದಳು. ಗುಡ್ಡ ಹತ್ತಲಾರಳು, ಒಬ್ಬಳೇ ಕುಳಿತರೆ ಬೇಸರವಾದೀತೆಂದು ಗೆಳತಿಯೊಬ್ಬಳನ್ನು ಜೊತೆಗೆ ಬಿಟ್ಟು, ನನ್ನ ಮೊಬೈಲನ್ನು ಕೈಗೆ ಕೊಟ್ಟು, “ಅರ್ಧ ಗಂಟೆಗೊಮ್ಮೆ ಈ ಅಂಕಿಯನ್ನು ಬರೆದಿಡಮ್ಮಾ” ಎಂದೆ. ನಿಜ ಹೇಳುವುದಾದರೆ ಆ ಅಂಕಿಗಳಿಂದ ಏನಾದರೂ ಉಪಯೋಗವಾದೀತೆಂದು ನಾನು ಎಣಿಸಿರಲಿಲ್ಲ. ಅವಳ ಕೈಗೊಂದು ಕೆಲಸವಿರಲೆಂದಷ್ಟೇ ನನ್ನ ಉದ್ದೇಶ.

ಹತ್ತು ಗಂಟೆಗೆ ಅಂಗಳದಲ್ಲಿ ನನ್ನ ಮೊಬೈಲು 897.4 ಹೆಕ್ಟೊಪ್ಯಾಸ್ಕಲ್ ತೋರಿಸುತ್ತಿತ್ತು. ಉಳಿದೆರಡು ಮೊಬೈಲುಗಳನ್ನು ಪಕ್ಕದಲ್ಲಿಯೇ ಇಟ್ಟರೂ ಅವುಗಳ ಅಂಕಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ಹೆಕ್ಟೊಪ್ಯಾಸ್ಕಲಿನಷ್ಟು ಅಂತರವಿತ್ತು. “ಯಾವುದು ಸರಿ, ಸರ್?” ಎಂದು ಹುಡುಗರು ಕೇಳಿದರು. ಯಾವುದೂ ಪೂರ್ತಿಯಾಗಿ ಸರಿಯಲ್ಲ. ಆದರೆ ತಪ್ಪು ತೋರಿಸುವ ತಕ್ಕಡಿಯೂ ಎರಡು ಮೂಟೆಗಳ ನಡುವಣ ವ್ಯತ್ಯಾಸವನ್ನು ಸರಿಯಾಗಿಯೇ ತೋರಿಸೀತಲ್ಲವೆ? ಹತ್ತೂ ನಲವತ್ತಕ್ಕೆ ನೆತ್ತಿಯನ್ನು ತಲಪಿದಾಗ ಎರಡು ಮೊಬೈಲುಗಳೂ ತಮ್ಮ ತಮ್ಮ ಅಂಗಳದ ಅಂಕಿಗಿಂತ 6.1ರಷ್ಟು ಕಡಿಮೆ ತೋರಿಸಿದುವು. ‘ಹೆಚ್ಚು’ ಎಂದು ಬರೆದವರು ಚೀಟಿಗಳನ್ನು ಮಡಿಸಿ ಜೇಬಿಗೆ ಸೇರಿಸತೊಡಗಿದರು. ಒಬ್ಬ ಹುಡುಗ ಮಾತ್ರ ಬಿಡಲಿಲ್ಲ. “ಇಷ್ಟು ಗಾಳಿ ಬೀಸುತ್ತಿದೆ, ಆದರೂ ಕಡಿಮೆ ಹೇಗೆ?” ಎಂದು ವಾದಕ್ಕೆ ನಿಂತ. ಅವನ ಗೆಳೆಯನೊಬ್ಬ ಉತ್ತರ ಕೊಟ್ಟ: “ಕೆಳಗೆ ಇದ್ದಾಗ ಈ ಗುಡ್ಡದಷ್ಟು ಎತ್ತರದ ಗಾಳಿ ನಮ್ಮ ತಲೆಯ ಮೇಲಿತ್ತು. ಈಗ ಅದು ಕಾಲ ಕೆಳಗಿದೆ.” ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಇನ್ನು ಲೆಕ್ಕ. ಅಷ್ಟು ಎತ್ತರದಲ್ಲಿ, ಅಂದಿನ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯ ರಾಶಿ ಸುಮಾರು 1.05 ಕಿಲೋಗ್ರಾಂ. ಅದನ್ನು ಗುರುತ್ವದ 9.8ರಿಂದ ಗುಣಿಸಿದರೆ, ಒಂದು ಮೀಟರು ಏರಿದಾಗ ಒತ್ತಡ 10.3 ಪ್ಯಾಸ್ಕಲ್ ಇಳಿಯುತ್ತದೆಂದಾಯಿತು. ಎಂದರೆ ಒಂದು ಹೆಕ್ಟೊಪ್ಯಾಸ್ಕಲಿಗೆ 9.7 ಮೀಟರು. 6.1ನ್ನು 9.7ರಿಂದ ಗುಣಿಸಿದಾಗ ಬಂದದ್ದು 59 ಮೀಟರು. ಹುಡುಗರು ಗುಡ್ಡವನ್ನು ಅಳೆದಿದ್ದರು! ಸಮುದ್ರದ ದಂಡೆಯಲ್ಲಾದರೆ ಗಾಳಿ ಹೆಚ್ಚು ದಟ್ಟವಾದ್ದರಿಂದ ಎಂಟೂವರೆ ಮೀಟರಿಗೇ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿಯ 1,930 ಮೀಟರು ಎತ್ತರದಲ್ಲಿ ಉಳಿದಿರುವ ವಾಯುಭಾರ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು ಮಾತ್ರ.

ಬುತ್ತಿ ಉಂಡು, ಹರಟೆ ಹೊಡೆದು, ಮೂರೂವರೆಗೆ ಅಂಗಳಕ್ಕೆ ಇಳಿದು ಬಂದೆವು. ಮೊಬೈಲುಗಳು ಬೆಳಗಿನ ಅಂಕಿಗೆ ಮರಳಬೇಕಾಗಿತ್ತಷ್ಟೆ? ಮರಳಲಿಲ್ಲ. ಎರಡೂ ಬೆಳಗ್ಗೆ ಇದ್ದುದಕ್ಕಿಂತ 2.5ರಷ್ಟು ಕಡಿಮೆ ತೋರಿಸುತ್ತಿದ್ದುವು. ಲೆಕ್ಕದಂತೆ, ನಾವು ಮೇಲಿದ್ದಾಗ ಗುಡಿಯೂ ಕೊಳವೂ ಸೇರಿ ಅಂಗಳವು 24 ಮೀಟರು ಮೇಲೇರಿತ್ತು! ಹುಡುಗರು ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಬಿಸಿಲಿಗೆ ಸಂವೇದಕ ಕೆಟ್ಟಿರಬೇಕು ಎಂದು ಏನೋ ಒಂದು ಸಮಾಧಾನ ಹೇಳಿ ಮುಗಿಸುವುದರಲ್ಲಿದ್ದೆ.

ಆಗ ಅವಳು ತನ್ನ ಪುಸ್ತಕವನ್ನು ಮುಂದೆ ಹಿಡಿದಳು. “ಸರ್, ನಾನು ನೆರಳಿನಲ್ಲೇ ಕೂತಿದ್ದೆ. ಇಲ್ಲೂ ಇಳಿದಿದೆ.” ಹತ್ತಕ್ಕೆ 897.4, ಹತ್ತೂವರೆಗೂ ಹನ್ನೊಂದಕ್ಕೂ ಅದೇ; ಹನ್ನೆರಡಕ್ಕೆ 896.8, ಒಂದಕ್ಕೆ 896.0, ಎರಡಕ್ಕೆ 895.4, ಮೂರೂವರೆಗೆ 894.9. ನಡುವಣ ಅರ್ಧಗಂಟೆಗಳೂ ತಪ್ಪಿರಲಿಲ್ಲ. ಅವಳು ಕುಳಿತ ಕಟ್ಟೆಯನ್ನು ಬಿಟ್ಟು ಎದ್ದೇ ಇರಲಿಲ್ಲ. ಇಳಿದದ್ದು ಯಂತ್ರವಲ್ಲ, ಗಾಳಿಯೇ. “ಬೆಳಗ್ಗೆ ಹತ್ತಿದ್ದರಿಂದ ಗುಡ್ಡ 59 ಮೀಟರು ಬಂತು. ಮೂರು ಗಂಟೆಗೆ ಹತ್ತಿ, ಬೆಳಗಿನ ಅಂಕಿಯಿಂದ ಕಳೆದಿದ್ದರೆ 80ಕ್ಕಿಂತ ಮೇಲೆ ಬರುತ್ತಿತ್ತು ಅಲ್ವಾ, ಸರ್?” ಎಂದು ಅವಳೇ ಕೇಳಿದಳು. ಹೌದು. ಕೆಳಗೆ ಒಬ್ಬರು ಕುಳಿತು ಅಳೆಯದೆ ಬೆಟ್ಟದ ಮೇಲಣ ಅಳತೆಗೆ ಅರ್ಥವಿಲ್ಲವೆಂಬುದನ್ನು ಪಾಠ ಸಿದ್ಧಮಾಡಿಕೊಂಡ ನಾನೇ ಮರೆತಿದ್ದೆ. ಉಳುಕಿದ ಕಾಲು ನನ್ನ ಮಾನವನ್ನು ಕಾಪಾಡಿತು.

ಮರೆಯಬಾರದಾಗಿದ್ದ ವಿಷಯವಿದು. ಫ್ರಾನ್ಸಿನ ಪಾಸ್ಕಲನ ಕೋರಿಕೆಯಂತೆ ಅವನ ಭಾವನಾದ ಪೆರಿಯೇ ಎಂಬವನು 1648ರ ಸೆಪ್ಟೆಂಬರ್ 19ರಂದು ಪಾದರಸದ ನಳಿಗೆಯನ್ನು ಹೊತ್ತು ಪ್ವೀ-ದ-ದೋಮ್ ಪರ್ವತವನ್ನೇರಿದ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಮೇಲೆ ಪಾದರಸ ಎಂಟು ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿಯಿತು. ಗಾಳಿಗೆ ಭಾರವಿದೆಯೆಂದು ಜಗತ್ತಿಗೆ ಸಿದ್ಧವಾಯಿತು. ಪರ್ವತವೇರಿದವನ ಹೆಸರು ಪ್ರಸಿದ್ಧವಾಯಿತಾದರೂ, ಅಂದು ಕೆಳಗಣ ಮಠದ ತೋಟದಲ್ಲಿ ಇನ್ನೊಂದು ನಳಿಗೆಯ ಮುಂದೆ ದಿನವಿಡೀ ಕುಳಿತು ಪಾದರಸದ ಮಟ್ಟ ಬದಲಾಗುತ್ತದೆಯೇ ಎಂದು ಕಾದ ಶಾಸ್ತೆ ಎಂಬ ಪಾದ್ರಿಯನ್ನು ಯಾರೂ ನೆನೆಯುವುದಿಲ್ಲ. ಅವನು ಇಲ್ಲದಿದ್ದರೆ ಪೆರಿಯೇಯ ಅಳತೆಯನ್ನು ನಂಬುವುದು ಹೇಗೆ? ಆ ದಿನ ಅಲ್ಲಿ ಮಟ್ಟ ಬದಲಾಗಲಿಲ್ಲ. ದೇವರಮನೆಯಲ್ಲಿ ಏಕೆ ಬದಲಾಯಿತು?

ನಾವು ಉಷ್ಣವಲಯದವರು. ಇಲ್ಲಿ ವಾಯುಭಾರಕ್ಕೂ ಸಮುದ್ರದಂತೆ ಉಬ್ಬರ ಇಳಿತಗಳಿವೆ. ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಗ್ಗೆ ಸುಮಾರು ಹತ್ತಕ್ಕೂ ರಾತ್ರಿ ಹತ್ತಕ್ಕೂ ಉಬ್ಬರ. ಸಂಜೆ ನಾಲ್ಕಕ್ಕೂ ನಸುಕಿನ ನಾಲ್ಕಕ್ಕೂ ಇಳಿತ. ಸಮುದ್ರದ ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ. ಇದಕ್ಕಾದರೋ ಸೂರ್ಯನ ಬಿಸಿಲು. ಚಂದ್ರನ ಪಾಲು ಇದರಲ್ಲಿ ಅತ್ಯಲ್ಪ. ಎತ್ತರದಲ್ಲಿರುವ ಓಜೋನ್ ಪದರವೂ ಕೆಳಗಣ ವಾಯುಮಂಡಲದ ನೀರಾವಿಯೂ ಬಿಸಿಲನ್ನು ಹೀರಿ ಕಾಯುತ್ತವೆ. ಹೀಗೆ ಕಾದ ವಾಯುಮಂಡಲ ಹಗಲು ಹಿಗ್ಗಿ ರಾತ್ರಿ ಕುಗ್ಗುವುದರಿಂದ ಭೂಮಿಯನ್ನು ಸುತ್ತಿ ಬರುವ ಮಹಾತರಂಗಗಳೇಳುತ್ತವೆ. ಅವುಗಳಲ್ಲಿ ಹನ್ನೆರಡು ಗಂಟೆಯ ತರಂಗವೇ ನೆಲದ ಮೇಲೆ ಬಲವಾಗಿ ಕಾಣುತ್ತದೆ. ಶೀತದೇಶಗಳಲ್ಲಿ ಈ ಉಬ್ಬರ ಚಿಕ್ಕದು. ಹಾದುಹೋಗುವ ಬಿರುಗಾಳಿಗಳ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಅದು ಎಷ್ಟು ಕ್ರಮಬದ್ಧವೆಂದರೆ, ದಕ್ಷಿಣ ಅಮೆರಿಕದಲ್ಲಿ ಸಂಚರಿಸಿದ ಹುಂಬೋಲ್ಟ್ ಎಂಬ ವಿಜ್ಞಾನಿ, ವಾಯುಭಾರ ಮಾಪಕವನ್ನು ನೋಡಿಯೇ ಹೊತ್ತೆಷ್ಟೆಂದು ಹೇಳಬಹುದೆಂದಿದ್ದ.

ಇದನ್ನೆಲ್ಲ ಅಂದು ಗುಡಿಯ ಕಟ್ಟೆಯ ಮೇಲೆ ನಾನು ಹೇಳಿದೆ. ನಲವತ್ತೈದು ನಿಮಿಷಗಳೇನೂ ಬೇಕಾಗಲಿಲ್ಲ. ಹತ್ತು ನಿಮಿಷ ಸಾಕಾಯಿತು. ಈ ಸಲ ಕೇಳುವವರಿಗೆ ಪ್ರಶ್ನೆ ಮೊದಲೇ ಹುಟ್ಟಿತ್ತು.

ಓದುಗರಲ್ಲಿ ಯಾರ ಬಳಿಯಾದರೂ ವಾಯುಭಾರ ಮಾಪಕವಿರುವ ಮೊಬೈಲಿದ್ದರೆ, ಮನೆಯ ಅಟ್ಟ, ಊರಿನ ನೀರಿನ ಟ್ಯಾಂಕು, ಘಾಟಿಯ ಬಸ್ಸು, ಯಾವುದನ್ನಾದರೂ ಅಳೆಯಬಹುದು. ಕೆಳಗೆ ಇನ್ನೊಬ್ಬರನ್ನು ಕೂರಿಸುವುದನ್ನು ನನ್ನಂತೆ ಮರೆಯಬೇಡಿ. ಅದಿಲ್ಲದವರು ನಿರಾಶರಾಗಬೇಕಾಗಿಲ್ಲ, ವೇಗೋತ್ಕರ್ಷದ ಸಂವೇದಕ ಹೆಚ್ಚುಕಡಮೆ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಇದೆ. ಮೊಬೈಲನ್ನು ಉಯ್ಯಾಲೆಯ ಹಲಗೆಗೆ ಭದ್ರವಾಗಿ ಕಟ್ಟಿ ತೂಗಿದರೆ, ಹಗ್ಗದ ಉದ್ದದಿಂದಲೂ ತೂಗಾಟದ ಕಾಲದಿಂದಲೂ ಭೂಮಿಯ ಗುರುತ್ವವನ್ನು ಕಂಡುಹಿಡಿಯಬಹುದು. ಮೊದಲು ಊಹಿಸಿ ಬರೆದಿಟ್ಟುಕೊಳ್ಳಿ, ಅಷ್ಟೆ.

ಬಸ್ಸು ಹೊರಡುವ ಹೊತ್ತಿಗೆ ಆ ವಿದ್ಯಾರ್ಥಿನಿ ಹತ್ತಿರ ಬಂದು, “ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ ಎಂದಿರಲ್ಲ, ಅದನ್ನು ಯಾರು ನೋಡುವುದು?” ಎಂದಳು. ಮೊಬೈಲನ್ನು ಎರಡು ದಿನ ಅವಳ ಹತ್ತಿರವೇ ಇಟ್ಟುಕೊಳ್ಳಲು ಹೇಳಿದೆ. ಮೂರನೆಯ ದಿನ ಅವಳು ತಂದ ಪುಸ್ತಕದಲ್ಲಿ, ಲೈನ್ ಮನೆಯ ಜಗಲಿಯಲ್ಲಿ ಗಂಟೆಗೊಮ್ಮೆ ಬರೆದ ಅಂಕಿಗಳಿದ್ದುವು. ಅವನ್ನು ಗೆರೆಕಾಗದದ ಮೇಲೆ ಗುರುತಿಸಿ ಸೇರಿಸಿದ್ದಳು. ಎರಡು ದಿಬ್ಬ, ಎರಡು ತಗ್ಗು ಸ್ಪಷ್ಟವಾಗಿ ಮೂಡಿದ್ದುವು. ಏಪ್ರಿಲಿನಲ್ಲಿ ಪರೀಕ್ಷೆಗೂ ಕುಳಿತಳು. ಆ ಪುಸ್ತಕದ ಪುಟವನ್ನು ನಾನು ಕೇಳಿ ಪಡೆದು ಇಟ್ಟುಕೊಂಡಿದ್ದೇನೆ. ಮೊದಲನೆಯ ರಾತ್ರಿ ಎರಡು ಗಂಟೆಯ ಸಾಲಿನಲ್ಲಿ ಮಾತ್ರ ಅಂಕಿಯಿಲ್ಲ; ಅಲ್ಲಿ ಪೆನ್ಸಿಲಿನಲ್ಲಿ ‘ನಿದ್ದೆ ಬಂತು’ ಎಂದು ಬರೆದಿದೆ.